ಸಂಜೆಯೊಳಗೆ ಮನೆಗೆ

ಇಸಾಮು ಕಾರು ಕೊಂಡದ್ದು ಮಗನಿಗೋಸ್ಕರ. ಕುಮಗಾಯಾ ಪಟ್ಟಣದ ಅವರ ಗಲ್ಲಿಯಲ್ಲಿ ಆ ಕಾಲಕ್ಕೆ ಕಾರಿದ್ದವರು ಇಬ್ಬರೇ, ಅಕ್ಕಿ ವ್ಯಾಪಾರಿ ಮತ್ತು ಹಲ್ಲಿನ ಡಾಕ್ಟರು. ಆಸ್ಪತ್ರೆಗಳ ಹೊದಿಕೆ, ಹಾಸುಬಟ್ಟೆ ಒಗೆಯುವ ಲಾಂಡ್ರಿಯೊಂದರಲ್ಲಿ ವ್ಯಾನ್ ಓಡಿಸುತ್ತಿದ್ದ ಇಸಾಮು ಒಂದು ದಿನ ಹಳೇ ಬಿಳಿ ಕಾರೊಂದನ್ನು ತಂದು ಮನೆ ಮುಂದೆ ನಿಲ್ಲಿಸಿದ. ಎದುರು ಮನೆಯ ಹೆಂಗಸು ಪೊರಕೆ ಹಿಡಿದುಕೊಂಡೇ ಬಂದು ಅದಕ್ಕೊಂದು ಪ್ರದಕ್ಷಿಣೆ ಹಾಕಿದಳು.

"ಏನ್ ಇಸಾಮು ಅವ್ರೇ, ಲಾಟರಿ ಹೊಡೀತಾ?"

"ಇಲ್ಲಮ್ಮ. ಟ್ರೈನು ಸಾಕಾಯ್ತು."

ಟ್ರೈನು ಸಾಕಾಗಿದ್ದು ನಿಜ. ಮಗ ನೊರಿಆಕಿಗೆ ಆಗ ಎಂಟು ವರ್ಷ. ಅವನ ಬಾಯಲ್ಲಿದ್ದದ್ದು ನಾಲ್ಕೈದು ಶಬ್ದ ಅಷ್ಟೇ: ಅನ್ನ, ಮನೆ, ಸುತ್ತು, ಮತ್ತೆ ತಂಗಿ ಚಿಜುರುವನ್ನು ಕರೆಯುವ 'ಚೀ'. ಜನ ಸೇರಿ ಗದ್ದಲವಾದರೆ ಎರಡೂ ಕಿವಿ ಮುಚ್ಚಿಕೊಂಡು ಊಳಿಡುತ್ತಿದ್ದ. ಆ ಬೇಸಿಗೆಯಲ್ಲಿ ತಾಯಿ ಮಿತ್ಸುಯೊ ಅವನನ್ನೂ ಚಿಜುರುವನ್ನೂ ಕರೆದುಕೊಂಡು ತವರಿಗೆ ಹೊರಟಿದ್ದಳು. ರೈಲಿನಲ್ಲಿ ಹುಡುಗ ಶುರು ಹಚ್ಚಿಕೊಂಡ. ಟೋಪಿ ಹಾಕಿದ್ದ ಮುದುಕನೊಬ್ಬ, "ಇಂಥದ್ದನ್ನ ಮನೇಲೇ ಇಟ್ಕೊಳ್ಳೋಕೆ ಏನಾಗಿತ್ತಮ್ಮ ನಿಂಗೆ?" ಅಂದ. ಮಿತ್ಸುಯೊ ಎದ್ದು ನಿಂತು ಆ ಕಡೆಗೂ ಈ ಕಡೆಗೂ ಬಾಗಿ ಎಲ್ಲರಲ್ಲೂ ಕ್ಷಮೆ ಕೇಳಿ, ಮುಂದಿನ ನಿಲ್ದಾಣದಲ್ಲೇ ಇಳಿದು, ಮಕ್ಕಳ ಕೈ ಹಿಡಿದುಕೊಂಡು ಸುಡು ಬಿಸಿಲಲ್ಲಿ ಹಳಿಯ ಪಕ್ಕದ ದಾರಿಯಲ್ಲಿ ಮನೆವರೆಗೂ ನಡೆದು ಬಂದಳು. ಸಂಜೆ ಇಸಾಮು ಕೆಲಸದಿಂದ ಬಂದಾಗ ಅವಳು ಜಗುಲಿಯಲ್ಲಿ ಕೂತು ಬೊಬ್ಬೆ ಎದ್ದ ಪಾದಗಳಿಗೆ ನೀರು ಹಾಕಿಕೊಳ್ಳುತ್ತಿದ್ದಳು. ಏನಾಯಿತೆಂದು ಅವಳು ಹೇಳಲಿಲ್ಲ. ಹೇಳಿದವಳು ಐದು ವರ್ಷದ ಚಿಜುರು.

ಕಾರು ಬಂದ ಮೇಲೆ ಮನೆಯಲ್ಲಿ ಭಾನುವಾರ ಅನ್ನುವುದೊಂದು ಹುಟ್ಟಿಕೊಂಡಿತು. ಬೆಳಿಗ್ಗೆ ಮಿತ್ಸುಯೊ ಅನ್ನದ ಉಂಡೆ ಕಟ್ಟಿ, ನಡುವೆ ಉಪ್ಪಿನ ಹುಳಿಹಣ್ಣಿಟ್ಟು, ಕಡಲಪಾಚಿಯ ಹಾಳೆ ಸುತ್ತಿ ಡಬ್ಬಿಗೆ ತುಂಬುವಳು. ಫ್ಲಾಸ್ಕಿಗೆ ಬಾರ್ಲಿ ಚಹಾ. ಇಸಾಮು ಭೂಪಟ ಬಿಡಿಸಿ ನೆಲದ ಮೇಲೆ ಹಾಸಿದರೆ ನೊರಿಆಕಿ ಅದರ ಮೇಲೆ ಬೆರಳಿಡಬೇಕು. ಬೆರಳು ಸಮುದ್ರದ ಮೇಲೆ ಬಿದ್ದರೆ ಚಿಜುರು, "ಅಣ್ಣ, ಈಜ್ಕೊಂಡು ಹೋಗೋಣ್ವಾ?" ಎಂದು ಅದನ್ನೆತ್ತಿ ಬೆಟ್ಟಗಳ ಕಡೆ ಇಡುತ್ತಿದ್ದಳು. ಆ ದಿನ ಅದೇ ಊರು.

ದೊಡ್ಡ ಊರುಗಳಿಗೆ ಅವರು ಹೋದವರಲ್ಲ. ಬೆಟ್ಟಗಳ ಬುಡದಲ್ಲಿ ಒಂದೇ ಬೀದಿಯ ಊರುಗಳು ಬೇಕಾದಷ್ಟಿದ್ದವು. ರೇಷ್ಮೆ ನೂಲುವ ಕಾರ್ಖಾನೆ ಮುಚ್ಚಿ ಹೊಗೆಗೂಡು ಮಾತ್ರ ನಿಂತ ಊರು, ಸೋಯಾ ಸಾಸಿನ ಪೀಪಾಯಿಗಳ ವಾಸನೆ ಹೊಡೆಯುವ ಊರು, ಸೇತುವೆಯ ಆಚೆ ಅರ್ಧ ಈಚೆ ಅರ್ಧ ಇದ್ದ ಊರು. ಅಲ್ಲಿ ಜನ ನೊರಿಆಕಿಯನ್ನು ಒಂದು ಸಲ ನೋಡಿ, ಮತ್ತೆ ತಮ್ಮ ಮೂಲಂಗಿ ತೊಳೆಯುವ ಕೆಲಸಕ್ಕೆ ತಿರುಗುತ್ತಿದ್ದರು. ಅಷ್ಟು ಸಾಕಿತ್ತು ಮಿತ್ಸುಯೊಗೆ. ಯಾವುದೋ ಬೆಂಚಿನ ಮೇಲೆ ಕೂತು ಸೊಂಟ ನೇರ ಮಾಡಿಕೊಂಡು, "ಇಲ್ಲಿ ಉಸಿರಾಡ್ಬೋದು ಕಣ್ರೀ," ಎನ್ನುತ್ತಿದ್ದಳು.

ನೊರಿಆಕಿಗೆ ಬೇಕಾದದ್ದು ಬೇರೆಯೇ. ಕಟಿಂಗ್ ಶಾಪುಗಳ ಮುಂದೆ ಗಾಜಿನ ಕೊಳವೆಯೊಳಗೆ ಕೆಂಪು, ನೀಲಿ, ಬಿಳಿ ಪಟ್ಟೆ ಸುತ್ತುತ್ತಾ ಮೇಲೇರುವ ಕಂಬ ಇರುತ್ತದಲ್ಲ, ಅದು. ಎಂಥ ಸಣ್ಣ ಊರಿನಲ್ಲೂ ಒಂದಾದರೂ ಇರುತ್ತಿತ್ತು. ಕಂಡ ಕೂಡಲೆ "ಸುತ್ತು!" ಎಂದು ಓಡಿಹೋಗಿ, ಮೂಗು ತಾಗುವಷ್ಟು ಹತ್ತಿರ ನಿಂತುಬಿಡುತ್ತಿದ್ದ. ಉಳಿದವರು ಸರದಿಯ ಮೇಲೆ ಅವನ ಪಕ್ಕ ನಿಲ್ಲಬೇಕು. ಹಾಗಾಗಿ ಆ ಸಂಸಾರಕ್ಕೆ ಊರುಗಳ ಹೆಸರು ನೆನಪಿರಲಿಲ್ಲ. 'ಕಂಬ ನಿಧಾನವಾಗಿ ಸುತ್ತೋ ಊರು', 'ಒಡೆದ ಕಂಬದ ಊರು' ಎಂದೇ ಮಾತು.

ಒಂದು ಕಟ್ಟುಪಾಡಿತ್ತು. ಸಂಜೆಯೊಳಗೆ ಮನೆಯಲ್ಲಿರಬೇಕು. ಬೆಳಕು ಹಳದಿಗೆ ತಿರುಗಿತೋ ಇಲ್ಲವೋ ನೊರಿಆಕಿ, "ಮನೆ," ಅನ್ನುತ್ತಿದ್ದ. ಸ್ನಾನ, ಊಟ, ಹಾಸಿಗೆ ತಂತಮ್ಮ ಹೊತ್ತಿಗೆ ಆಗದಿದ್ದರೆ ಗೋಡೆಗೆ ತಲೆ ಚಚ್ಚಿಕೊಳ್ಳುತ್ತಿದ್ದ. ಇಸಾಮು ಒಂದು ಸಲವೂ ತಡ ಮಾಡಲಿಲ್ಲ.

ವರ್ಷಗಳು ಉರುಳಿದವು. ವಿಶೇಷ ಮಕ್ಕಳ ಶಾಲೆ ಹದಿನೆಂಟಕ್ಕೆ ಮುಗಿಯಿತು. ಅದರಾಚೆ ಏನೂ ಇರಲಿಲ್ಲ. ನೊರಿಆಕಿ ಅಪ್ಪನಿಗಿಂತ ಒಂದು ತಲೆ ಎತ್ತರ ಬೆಳೆದಿದ್ದ. ಹಗಲೆಲ್ಲ ಮನೆಯಲ್ಲಿ ಅವನೂ ತಾಯಿಯೂ ಇಬ್ಬರೇ. ಒಂದು ಚಳಿಗಾಲ ಸ್ನಾನದ ನೀರು ತಣ್ಣಗಿತ್ತೆಂದು ಸಿಟ್ಟಿಗೆದ್ದು ಅವಳನ್ನು ನೂಕಿದ. ಮಿತ್ಸುಯೊಳ ಬಲ ಮಣಿಕಟ್ಟು ಮುರಿಯಿತು. ಕೂಡಿಕೊಂಡಿತೇನೋ ಸರಿ, ಆದರೆ ಸೊಟ್ಟಗೆ. ಅವಳು ಎದುರು ಮನೆಯವಳಿಗೆ ಮೆಟ್ಟಿಲಲ್ಲಿ ಜಾರಿದೆ ಎಂದಳು. ಅವರ ಮನೆಗೆ ಮೆಟ್ಟಿಲು ಅಂತ ಇದ್ದದ್ದು ಒಂದೇ ಒಂದು.

ಚಿಜುರು ಪೇಟೆಯ ಔಷಧಿ ಅಂಗಡಿಯಲ್ಲಿ ಕೆಲಸಕ್ಕಿದ್ದಳು. ಅವಳಿಗೊಂದು ಸಂಬಂಧ ಬಂದು, ಮಾತುಕತೆ ಮುಗಿದು, ಹುಡುಗನ ಜೊತೆ ಎರಡು ಸಲ ಊಟಕ್ಕೂ ಹೋಗಿ ಬಂದಿದ್ದಳು. ಆಮೇಲೆ ಮಧ್ಯಸ್ಥಿಕೆಯ ಹೆಂಗಸು ಸಿಹಿತಿಂಡಿಯ ಡಬ್ಬಿ ಹಿಡಿದುಕೊಂಡು ಬಂದು, ಚಾಪೆಯ ಅಂಚಲ್ಲಿ ಕೂತು, "ಅವರ ಕಡೆಯವರು ಸ್ವಲ್ಪ ಯೋಚ್ನೆ ಮಾಡ್ತಾರಂತೆ," ಎಂದಳು. ಒಳಕೋಣೆಯಿಂದ ನೊರಿಆಕಿಯ ದನಿ ಕೇಳುತ್ತಲೇ ಇತ್ತು. ಅವಳು ಹೋದ ಮೇಲೆ ಚಿಜುರು ಡಬ್ಬಿ ಬಿಚ್ಚಿ ಒಂದು ಸಿಹಿ ಬಾಯಿಗೆ ಹಾಕಿಕೊಂಡು, "ಹೋಗ್ಲಿ ಬಿಡಮ್ಮ. ಆ ಮನುಷ್ಯ ಸೂಪು ಸೊರಸೊರ ಅಂತ ಕುಡೀತಾನೆ, ಬೀದಿಗೆಲ್ಲ ಕೇಳತ್ತೆ," ಅಂದಳು. ಅವಳು ಇನ್ನೊಂದು ಸಿಹಿ ಅಣ್ಣನಿಗೆ ಕೊಡಲು ಒಳಗೆ ಹೋದಳು.

ಒತ್ಸುಹಾರಾ ಎಂಬ ಊರಿಗೆ ಹೋದ ಭಾನುವಾರ ಆದದ್ದು ಆ ವರ್ಷದ ಕೊನೆಗೆ. ಮಳೆ ಹಿಡಿದುಕೊಂಡಿತ್ತು. ಹೊರಗೆ ಕೂತು ಉಣ್ಣುವಂತಿರಲಿಲ್ಲ ಎಂದು ಎಂದೂ ಹೋಗದವರು ಒಂದು ಸೇವಿಗೆ ಅಂಗಡಿಯೊಳಗೆ ಹೋದರು. ಮಳೆಗೆ ಊರಿನ ಅರ್ಧ ಜನ ಅಲ್ಲೇ ಸೇರಿದ್ದರು. ಯಾರೋ ಜೋರಾಗಿ ನಕ್ಕರು. ನೊರಿಆಕಿ ಕಿವಿ ಮುಚ್ಚಿಕೊಂಡು ಎದ್ದ. ಎದ್ದ ರಭಸಕ್ಕೆ ಮೇಜು ಮಗುಚಿ, ಕುದಿವ ಸಾರು ಪಕ್ಕದ ಮೇಜಿನ ಸಣ್ಣ ಹುಡುಗಿಯ ತೋಳಿನ ಮೇಲೆ ಬಿತ್ತು. ಆ ಮಗು ಚೀರಿದ್ದಕ್ಕೆ ಇವನು ಇನ್ನಷ್ಟು ಚೀರಿದ. ಮಗುವಿನ ತೋಳಿಗೆ ನೀರು ಸುರಿಯುವವರು, ಬೈಯುವವರು, ನೊರಿಆಕಿಯನ್ನು ಹಿಡಿಯಲು ಬಂದವರು. ಇಸಾಮು ಒದ್ದೆ ನೆಲದ ಮೇಲೆ ಮಂಡಿಯೂರಿ ಹಣೆ ಹಚ್ಚಿ, "ತಪ್ಪಾಯ್ತು, ತಪ್ಪಾಯ್ತು," ಎನ್ನುತ್ತಲೇ ಇದ್ದ.

"ತಪ್ಪಾಯ್ತು ಅಂದ್ರೆ ಚರ್ಮ ವಾಪಸ್ ಬರತ್ತಾ?" ಎಂದಳು ಮಗುವಿನ ತಾಯಿ. "ಕಟ್ಟಿ ಹಾಕಿ ಅದನ್ನ!"

ವಾಪಸು ಹೊರಟರು. ನೊರಿಆಕಿ ಸುಸ್ತಾಗಿ ಕಿಟಕಿಗೆ ತಲೆ ಆನಿಸಿದ್ದ. ಮನೆಗೆ ಹೋಗಲು ಸೇತುವೆಯ ಹತ್ತಿರ ಎಡಕ್ಕೆ ತಿರುಗಬೇಕು. ಇಸಾಮು ತಿರುಗಲಿಲ್ಲ. ನೇರ ಹೋದರೆ ಹೊಸ ಅಣೆಕಟ್ಟಿಗೆ ಏರುವ ದಾರಿ. ಅವನಿಗೆ ಅದು ಗೊತ್ತಿತ್ತು. ಒಂದೊಂದು ತಿರುವಿಗೂ ಕೆಳಗಿನ ನೀರು ಅಗಲವಾಗುತ್ತಾ ಹೋಯಿತು. ಒಂದು ಕಡೆ ರಸ್ತೆ ಅಂಚಿನ ತಡೆ ಕಟ್ಟುವ ಕೆಲಸ ಇನ್ನೂ ನಡೆದಿತ್ತು. ಹಗ್ಗ ಕಟ್ಟಿ ಕೆಂಪು ಬಟ್ಟೆ ಇಳಿಬಿಟ್ಟಿದ್ದರು. ಇಸಾಮು ಅದನ್ನು ದೂರದಿಂದಲೇ ನೋಡಿದ. ಅವನ ಮನಸ್ಸಿನಲ್ಲಿ ಅಳುವಾಗಲಿ ಸಿಟ್ಟಾಗಲಿ ಇರಲಿಲ್ಲ. ನಾಲ್ಕೂ ಜನ ಕಾರಿನಲ್ಲಿದ್ದೇವೆ, ಯಾರೊಬ್ಬರೂ ಹಿಂದೆ ಉಳಿಯುವುದಿಲ್ಲ ಎಂಬ ಒಂದೇ ಯೋಚನೆ, ಅದೂ ಲಾಂಡ್ರಿಯ ವ್ಯಾನಿಗೆ ಮೂಟೆ ಎಣಿಸುವಾಗಿನ ಹಾಗೆ ತಣ್ಣಗೆ. ಕಾಲು ಒತ್ತಿದ. ಕಾರಿನ ಸದ್ದು ಏರಿತು.

"ಅಪ್ಪಾ," ಎಂದಳು ಹಿಂದಿನಿಂದ ಚಿಜುರು. "ನಂಗೆ ಅರ್ಜೆಂಟು. ಎಲ್ಲಾದ್ರೂ ನಿಲ್ಸು."

ದಿನದಿನದ ದನಿ. ಅವನ ಕಾಲು ತಾನಾಗಿ ಮೇಲೆ ಬಂತು. ಕೆಂಪು ಬಟ್ಟೆ ದಾಟಿ, ಚಹಾ ಮಾರುವ ಮುಚ್ಚಿದ ಗೂಡಂಗಡಿಯ ಮುಂದೆ ಕಾರು ನಿಂತಿತು. ಚಿಜುರು ಕೊಡೆ ಬಿಚ್ಚಿಕೊಂಡು ಮರಗಳ ಹಿಂದೆ ಹೋಗಿ ಬಂದಳು. ಇಸಾಮು "ದಾರಿ ತಪ್ಪಿತು," ಎಂದು ಕಾರು ತಿರುಗಿಸಿದ. ಮಿತ್ಸುಯೊ ಮುಂದಿನ ಗಾಜನ್ನೇ ನೋಡುತ್ತಿದ್ದಳು.

ಅಂದಿನಿಂದ ಭೂಪಟದ ಮೇಲೆ ಬೆರಳಿಡುವ ಆಟ ನಿಂತಿತು. ಊರನ್ನು ಇಸಾಮುವೇ ಆರಿಸತೊಡಗಿದ. ಊಟ ಮುಗಿದ ಮೇಲೆ, "ಟೈರ್ ತೋರಿಸ್ಕೊಂಡು ಬರ್ತೀನಿ," ಎಂದೋ "ಯಾರೋ ಪರಿಚಯದವರು ಇದಾರೆ," ಎಂದೋ ಉಳಿದವರನ್ನು ಕಂಬದ ಹತ್ತಿರ ಬಿಟ್ಟು ಒಬ್ಬನೇ ಹೋಗುತ್ತಿದ್ದ. ನಿರೆಗಾವಾ ಎಂಬ ಊರಿನಲ್ಲಿ ಚಿಜುರು ಹಿಂದೆಯೇ ಹೋದಳು. ಬೀದಿ ಮುಗಿದು, ದೇವದಾರು ತೋಪಿನ ನಡುವೆ ಏರುದಾರಿ. ಮೇಲೆ ಹಳದಿ ಬಣ್ಣದ ಉದ್ದನೆಯ ಕಟ್ಟಡ, ಕಿಟಕಿಗಳಿಗೆ ಸರಳು, ಅಂಗಳದಲ್ಲಿ ಒಂದೇ ಥರದ ಬೂದು ಬಟ್ಟೆ ತೊಟ್ಟ ಗಂಡಸರು ಗೋಡೆಯುದ್ದಕ್ಕೂ ಹಿಂದೆ ಮುಂದೆ ನಡೆಯುತ್ತಿದ್ದರು. ಗೇಟಿನಲ್ಲಿ ಅವಳ ಅಪ್ಪ ಟೋಪಿ ಕೈಯಲ್ಲಿ ಹಿಡಿದು ಒಬ್ಬ ಯುವಕನಿಗೆ ಬಾಗುತ್ತಿದ್ದ.

ಇಳಿದು ಬಂದವನಿಗೆ ದಾರಿಯಲ್ಲಿ ಅವಳು ಎದುರಾದಳು.

"ಎಷ್ಟು ಊರಾಯ್ತು ಇದು?" ಎಂದಳು.

"ನಾಲ್ಕೈದು. ಇಂಥವರನ್ನ ಇಟ್ಕೊಳ್ಳೋ ಕಡೆ ಎಲ್ಲೂ ಜಾಗ ಇಲ್ಲ. ಇಲ್ಲಿ ಮಾತ್ರ ಬರೋ ವರ್ಷ ಅಂತಾರೆ." ಇಸಾಮು ಟೋಪಿ ಹಾಕಿಕೊಂಡ. "ನಿನ್ನ ಮದ್ವೆಗಂತ ಅಲ್ಲ ಇದು. ಹಾಗಂದ್ಕೋಬೇಡ."

"ಗೊತ್ತು." ಚಿಜುರು ಕಾಲಿನಿಂದ ದೇವದಾರು ಕಾಯಿಯೊಂದನ್ನು ಉರುಳಿಸಿದಳು. "ಅವತ್ತು ಅಣೆಕಟ್ಟಿನ ಹತ್ರ ನಂಗೆ ಅರ್ಜೆಂಟೂ ಇರ್ಲಿಲ್ಲ, ಏನೂ ಇರ್ಲಿಲ್ಲ ಅಪ್ಪ. ಸುಮ್ನೆ ಮರದ ಹಿಂದೆ ಹೋಗಿ ನಿಂತ್ಕೊಂಡಿದ್ದೆ."

ಇಸಾಮು ದಾರಿಯಲ್ಲೇ ಕುಕ್ಕರಗಾಲಲ್ಲಿ ಕೂತುಬಿಟ್ಟ. ಮಗಳು ಪಕ್ಕದಲ್ಲಿ ನಿಂತು ಕಾದಳು. ಕೆಳಗೆ ಮಿತ್ಸುಯೊ ನೊರಿಆಕಿಯ ತೋಳು ಹಿಡಿದುಕೊಂಡು ಬೀದಿಯಲ್ಲಿ ಅವರನ್ನು ಹುಡುಕುತ್ತಿದ್ದುದು ಕಾಣುತ್ತಿತ್ತು.

ಮಿತ್ಸುಯೊಗೆ ಅವನೇ ಹೇಳಿದ. ಅವಳು ಒಗೆದ ಬಟ್ಟೆ ಮಡಚುತ್ತಿದ್ದಳು.

"ಅವನನ್ನ ಬಿಡೋಕೆ ಜಾಗ ಹುಡುಕ್ತಾ ಇದ್ರಾ? ಅವನ ಪಕ್ಕದಲ್ಲೇ ಕೂತು, ಅನ್ನದುಂಡೆ ಮುರಿದು ಮುರಿದು ಬಾಯಿಗಿಟ್ಟು, ಆಮೇಲೆ ಎದ್ದು ಹೋಗಿ ಜಾಗ ನೋಡ್ಕೊಂಡು ಬರ್ತಿದ್ರಾ? ನಾನಿನ್ನೂ ಬದುಕಿದೀನಲ್ರೀ!"

"ಅದಕ್ಕೇ. ನಾವಿಬ್ರೂ ಬದುಕಿರುವಾಗ್ಲೇ ಆಗ್ಬೇಕು." ಅವನು ತಲೆ ತಗ್ಗಿಸಿದ. "ಒತ್ಸುಹಾರಾದಿಂದ ಬರುವಾಗ ನಾನು ದಾರಿ ತಪ್ಪಿರ್ಲಿಲ್ಲ, ಮಿತ್ಸುಯೊ."

ಅವಳ ಕೈ ನಿಂತಿತು. "ನಂಗೇನು ಕಣ್ಣಿಲ್ವಾ?" ಎಂದಳು ಮೆಲ್ಲಗೆ. "ಸೇತುವೆ ದಾಟ್ತಿದ್ದ ಹಾಗೇ ಗೊತ್ತಾಯ್ತು. ಬೇಡ ಅಂತ ನಾನು ಅಂದ್ನಾ? ಸುಮ್ನೆ ಕೂತಿದ್ದೆ. ಅದನ್ನ ನೋಡಿದ್ರಾ ನೀವು?"

ಅದಾದ ಮೇಲೆ ಮಳೆಗಾಲ ಪೂರ್ತಿ ಅವಳು ಗಂಡನ ಹತ್ತಿರ ಮಾತಾಡಲಿಲ್ಲ. ಊಟ ಬಡಿಸುವಳು, ಬಟ್ಟೆ ಇಡುವಳು, ಅಷ್ಟೇ. ಎದುರು ಮನೆಯಲ್ಲಿ ಹಬ್ಬಕ್ಕೆ ಬಂದ ಮೊಮ್ಮಗನೊಬ್ಬ ಬೇಲಿಯ ಹತ್ತಿರ ಆಡುತ್ತಿದ್ದಾಗ ನೊರಿಆಕಿ ಅವನತ್ತ ಕೈ ಚಾಚಿದ. ಆಟಕ್ಕೋ ಮತ್ತೆ ಯಾಕೋ. ಮಿತ್ಸುಯೊ ಸೊಟ್ಟ ಕೈಯಲ್ಲಿ ಮಗನನ್ನು ಹಿಡಿಯಲಾರದೆ ಅವನ ಸೊಂಟಕ್ಕೆ ಜೋತುಬಿದ್ದು ಅಂಗಳದ ತುಂಬ ಎಳೆಸಿಕೊಂಡಳು. ಆ ಸಂಜೆ ಗಂಡನಿಗೆ ಚಹಾ ಬಗ್ಗಿಸುತ್ತಾ ಕೇಳಿದಳು, "ನಿರೆಗಾವಾ ಅಂದ್ರಲ್ಲ? ಅಲ್ಲಿ ಕಂಬ ಇನ್ನೂ ಇದ್ಯಾ?"

"ಇದೆ."

"ಸುತ್ತತ್ತಾ?"

"ಸುತ್ತತ್ತೆ."

ವಸಂತದಲ್ಲಿ ಜಾಗ ಸಿಕ್ಕಿತು. ಭಾನುವಾರವೇ ಹೋದರು. ಬೇರೆ ದಿನ ಹೋದರೆ ಅವನು ಗಾಬರಿಯಾಗುತ್ತಾನೆ ಎಂದು ಮಿತ್ಸುಯೊ ಹೇಳಿದ್ದಳು. ಅದೇ ಡಬ್ಬಿ, ಅದೇ ಫ್ಲಾಸ್ಕು. ನೊರಿಆಕಿ ಖುಷಿಯಾಗಿದ್ದ. ನದಿಯ ದಂಡೆಯಲ್ಲಿ ಊಟ ಮಾಡಿದರು. ಕಂಬದ ಮುಂದೆ ಬೇಕಾದಷ್ಟು ಹೊತ್ತು ನಿಂತರು. ಕಟಿಂಗ್ ಶಾಪಿನ ಮೊರೊಹಾಶಿ ಬಾಗಿಲಿಗೆ ಬಂದು, "ಒಳಗೆ ಬಾರಪ್ಪ, ಅರ್ಧ ರೇಟಲ್ಲಿ ಮಾಡ್ತೀನಿ, ತಲೆ ಪೂರ್ತಿ ಸೊಪ್ಪು ಬೆಳೆದಿದೆ!" ಎಂದು ನಗಿಸಿದ. ಆಮೇಲೆ ನಾಲ್ವರೂ ಏರು ಹತ್ತಿದರು. ಹಿಂದೆ ಗೇಟಿನಲ್ಲಿ ಕಂಡಿದ್ದ, ಹೊಸೊಯಾ ಎಂಬ ಆ ಯುವಕ ಬಾಗಿಲಲ್ಲೇ ಇದ್ದ. ನೊರಿಆಕಿ ಶೂ ಬಿಚ್ಚಿಟ್ಟು ಒಳಗೆ ಹೋಗಿ, ಉದ್ದನೆ ಹಜಾರದಲ್ಲಿ ಅತ್ತಿಂದಿತ್ತ ನಡೆದ, ಕಿಟಕಿಗಳನ್ನು ಮುಟ್ಟಿ ನೋಡಿದ. ಕೊಟ್ಟ ಬಿಸ್ಕತ್ತು ತಿಂದ. ಬಿಸಿಲು ಹಳದಿಗೆ ತಿರುಗಿತು. ಅವನು ಬಾಗಿಲಿಗೆ ಬಂದು ತನ್ನ ಶೂ ಎತ್ತಿಕೊಂಡು ತಾಯಿಯ ಮುಂದೆ ಹಿಡಿದ.

"ಮನೆ," ಅಂದ.

ಹೊಸೊಯಾ ಮೆಲ್ಲನೆ, "ಈಗ ಹೊರಡಿ. ತಿರುಗಿ ನೋಡ್ಬೇಡಿ. ನೋಡಿದ್ರೆ ಅವ್ನಿಗೇ ಕಷ್ಟ," ಎಂದ. ಇಸಾಮು ಹೆಂಡತಿಯ ತೋಳು ಹಿಡಿದುಕೊಂಡ. ಹಿಂದೆ ಬಾಗಿಲು ಜರುಗಿ ಮುಚ್ಚಿದ ಸದ್ದಾಯಿತು. ಆಮೇಲೆ ಒಳಗಿನಿಂದ ಅದೇ ಊಳು, ಅದಕ್ಕೆ ತೋಪಿನ ಕಾಗೆಗಳೆಲ್ಲ ಎದ್ದವು. ಚಿಜುರು ಮುಂದೆ ಮುಂದೆ ಓಡಿದಳು. ಕಾರಿನಲ್ಲಿ ಮಿತ್ಸುಯೊ ಹಿಂದಿನ ಸೀಟಿನಲ್ಲಿ, ಮಗ ಕೂರುತ್ತಿದ್ದ ಜಾಗದಲ್ಲಿ ಕೂತಳು. ಕುಮಗಾಯಾ ತಲುಪುವಾಗ ಇನ್ನೂ ಬೆಳಕಿತ್ತು.

ಮೊದಲ ತಿಂಗಳು ಬರಬೇಡಿ ಎಂದಿದ್ದರು. ಅದು ಕಳೆದ ಮೇಲೆ ನೋಡಲು ಹೋದಾಗ ನೊರಿಆಕಿ ತೆಳ್ಳಗಾಗಿದ್ದ, ತಲೆ ಬೋಳಿಸಿದ್ದರು, ಹುಬ್ಬಿನ ಮೇಲೆ ಹೊಲಿಗೆಯ ಗುರುತಿತ್ತು. ಗೋಡೆಗೆ ಚಚ್ಚಿಕೊಂಡಿದ್ದನಂತೆ. ತಾಯಿಯ ಕೈಯಿಂದ ಉಂಡ. ಇಸಾಮು, "ಬಾ ಮಗಾ, ಒಂದು ಸುತ್ತು ಹೋಗ್ಬರೋಣ," ಎಂದು ಕಾರಿನ ಬಾಗಿಲು ತೆರೆದ. ನೊರಿಆಕಿ ಕಾರನ್ನು ನೋಡಿದ. ಗೇಟಿನ ಕಂಬವನ್ನು ಎರಡೂ ತೋಳಿನಿಂದ ಅಪ್ಪಿಕೊಂಡು ನಿಂತ. ಇಸಾಮು ಕರೆದ, ಮಿತ್ಸುಯೊ ಕರೆದಳು, ಚಿಜುರು ಹಿಂದಿನ ಸೀಟಿನಲ್ಲಿ ಕೂತು ತೋರಿಸಿದಳು. ಅವನು ಬಿಡಲಿಲ್ಲ. ಮುಂದಿನ ಸಲವೂ ಬಿಡಲಿಲ್ಲ. ಅಪ್ಪನ ಕಾರಿಗೆ ಅವನು ಮತ್ತೆಂದೂ ಹತ್ತಲಿಲ್ಲ.

"ಇಳಿಸಿ ಹೋಗ್ತಾರೆ ಅಂತ ಗೊತ್ತಾಯ್ತಲ್ಲ," ಎಂದಳು ಮಿತ್ಸುಯೊ. "ಎಷ್ಟು ಬುದ್ಧಿ ನೋಡಿ ನನ್ನ ಮಗನಿಗೆ."

ಹಾಗಾಗಿ ಆ ಮೇಲಿನ ಭಾನುವಾರಗಳೆಲ್ಲ ನಿರೆಗಾವಾದ್ದೇ. ಗೇಟಿನಿಂದ ಬೀದಿವರೆಗೆ ಕಾಲ್ನಡಿಗೆ, ಕಂಬ, ನದಿ, ವಾಪಸು. ಚಿಜುರು ತಡವಾಗಿ ಮದುವೆಯಾದಳು, ಹೆಂಡತಿ ಸತ್ತ ಒಬ್ಬ ಮಾಸ್ತರನನ್ನು. ಮದುವೆಗೆ ಮೊದಲೇ ಅವನನ್ನು ನಿರೆಗಾವಾಕ್ಕೆ ಕರೆದೊಯ್ದು, "ಇವ್ನು ನಮ್ಮಣ್ಣ. ನೋಡ್ಕೊಳ್ಳಿ, ಆಮೇಲೆ ಹೇಳ್ಲಿಲ್ಲ ಅನ್ಬೇಡಿ," ಎಂದಿದ್ದಳು. ಅವನು ನೊರಿಆಕಿಗೂ ಬಾಗಿ ನಮಸ್ಕರಿಸಿದ್ದ.

ಮಿತ್ಸುಯೊ ಮೂತ್ರಪಿಂಡದ ಕಾಯಿಲೆಯಲ್ಲಿ ತೀರಿಕೊಂಡಳು. ಕೊನೆಯ ಒಂದು ವರ್ಷ ಏರು ಹತ್ತಲಾರದೆ ತೋಪಿನ ಕೆಳಗೆ ಕಾರಿನಲ್ಲೇ ಕೂತಿರುತ್ತಿದ್ದಳು. ಕಾರಿನ ಹತ್ತಿರ ಬರಲು ಮಗ ಒಪ್ಪುತ್ತಿರಲಿಲ್ಲ. ಇಸಾಮು ಅವನನ್ನು ತಿರುವಿನವರೆಗೆ ಕರೆತಂದು ನಿಲ್ಲಿಸುವನು. ಅವಳು ಕಿಟಕಿಯಿಂದ ಕೈ ಬೀಸುವಳು. ಅವನು ನೋಡುತ್ತಿದ್ದನೋ ಇಲ್ಲವೋ, ದೂರಕ್ಕೆ ತಿಳಿಯುತ್ತಿರಲಿಲ್ಲ. ದಹನಕ್ಕೆ ಅವನನ್ನು ಕರೆತರುವ ದಾರಿ ಇರಲಿಲ್ಲ.

ಮನೆ ಖಾಲಿ ಮಾಡಿ, ಕಾರು ಮಾರಿ ಇಸಾಮು ನಿರೆಗಾವಾಕ್ಕೇ ಬಂದುಬಿಟ್ಟ. ಮೊರೊಹಾಶಿಯ ಅಂಗಡಿಯ ಎರಡು ಮನೆ ಆಚೆ, ಒಂದು ಮುಚ್ಚಿದ ತಿಂಡಿ ಅಂಗಡಿಯ ಅಟ್ಟ ಬಾಡಿಗೆಗೆ ಹಿಡಿದ.

"ಇಡೀ ಊರೇ ಖಾಲಿಯಾಗ್ತಿದೆ, ನೀವೊಬ್ರು ಬರ್ತಿದೀರಲ್ಲ ಮಾರಾಯ್ರೆ," ಎಂದ ಮೊರೊಹಾಶಿ. "ತಲೆಗೇನಾದ್ರೂ ಪೆಟ್ಟು ಬಿದ್ದಿದ್ಯಾ?"

"ಬಿದ್ದು ಬಹಳ ದಿನ ಆಯ್ತು."

ಒಂದು ದಿನದ ಮಟ್ಟಿಗೆ ಚೆಂದ ಕಾಣುವ ಊರು ವರ್ಷವೆಲ್ಲ ಹೇಗಿರುತ್ತದೆಂದು ಇಸಾಮುಗೆ ಆಗ ತಿಳಿಯಿತು. ಚಳಿಗಾಲದಲ್ಲಿ ಬೆಟ್ಟದ ನೆರಳು ಮಧ್ಯಾಹ್ನಕ್ಕೇ ಬೀದಿಯನ್ನು ಮುಚ್ಚುತ್ತಿತ್ತು. ಮೀನು ತರುವ ವ್ಯಾನು ವಾರಕ್ಕೊಮ್ಮೆ. ಶಾಲೆಯ ಗಂಟೆ ಹೊಡೆಯುವುದು ನಿಂತಿತು. ಜನ ಅವನನ್ನು 'ಮೇಲ್ಗಡೆಯವನ ಅಪ್ಪ' ಎಂದು ಕರೆದರು, ಗದ್ದೆಯ ಈರುಳ್ಳಿ ತಂದು ಬಾಗಿಲಲ್ಲಿಟ್ಟರು. ಆದರೆ ಯಾವುದೋ ಮನೆಯ ಗಾಜು ಒಡೆದ ದಿನ, "ಮೇಲ್ಗಡೆಯವರೇ ಇರ್ಬೇಕು," ಎಂದೂ ಅಂದರು. ಮೊರೊಹಾಶಿ ಕೈನಡುಕ ಬಂದು ಕತ್ತರಿ ಕೆಳಗಿಟ್ಟ. ನೊರಿಆಕಿ ಬರುವ ಹೊತ್ತಿಗೆ ಕಂಬದ ಸ್ವಿಚ್ಚು ಮಾತ್ರ ಹಾಕುತ್ತಿದ್ದ. ಮೊರೊಹಾಶಿ ಸತ್ತ ಮೇಲೆ ಅವನ ಮಗ ಬಂದು ಕಂಬ ಕಳಚಿ ಒಯ್ದ. ನೊರಿಆಕಿ ಎರಡು ಭಾನುವಾರ ಆ ಖಾಲಿ ಗೋಡೆಯ ಮುಂದೆ ನಿಂತ. ಮೂರನೆಯ ಸಲ ನಿಲ್ಲದೆ ಮುಂದೆ ನಡೆದ. ಇಸಾಮುಗೆ ಅದೇ ಹೆಚ್ಚು ನೋವಾಯಿತು.

ಮಿತ್ಸುಯೊಳ ಅಸ್ಥಿ ಅಷ್ಟು ದಿನವೂ ಬಿಳಿ ಬಟ್ಟೆ ಸುತ್ತಿದ ಕುಡಿಕೆಯಲ್ಲಿ ಅಟ್ಟದ ಮೇಲೆಯೇ ಇತ್ತು. ಮೇಲ್ಗಡೆ ಸತ್ತವರಿಗೆ, ಯಾರೂ ಕೇಳಿಕೊಂಡು ಬರದಿದ್ದರೆ, ಕಟ್ಟಡದ ಹಿಂದೆ ಎಲ್ಲರಿಗೂ ಸೇರಿ ಒಂದೇ ಕಲ್ಲು ಎಂದು ಹೊಸೊಯಾ ಒಮ್ಮೆ ಹೇಳಿದ್ದ. ಅವನಿಗೂ ಆಗ ತಲೆ ನರೆತಿತ್ತು. ಇಸಾಮು ಊರ ದೇವಸ್ಥಾನದ ಅರ್ಚಕನ ಬಳಿ ಹೋಗಿ ದೇವಸ್ಥಾನಕ್ಕೇ ಸೇರಿದ ಸ್ಮಶಾನದ ಮೂಲೆಯಲ್ಲಿ ಒಂದು ಜಾಗ ಕೇಳಿದ.

"ಎಷ್ಟು ಜನಕ್ಕೆ?" ಎಂದ ಅರ್ಚಕ.

"ಮೂರು. ಮಗಳು ಅವಳ ಗಂಡನ ಮನೆ ಕಡೆ ಹೋಗ್ತಾಳೆ."

ಕಲ್ಲು ನಿಲ್ಲಿಸಿದ ದಿನ ಚಿಜುರು ಗಂಡನ ಜೊತೆ ಬಂದಿದ್ದಳು. ಕುಡಿಕೆಯನ್ನು ಕೆಳಗಿಳಿಸುವಾಗ ನೊರಿಆಕಿ ಬೇರೆ ಕಡೆ ನೋಡುತ್ತಿದ್ದ. ಅವನಿಗೆ ಆಗ ಐವತ್ತರ ಹತ್ತಿರ, ಹಲ್ಲು ಉದುರಿದ್ದವು. ಇಸಾಮು ಅವನ ಕೈಗೆ ಮರದ ಸೌಟು ಕೊಟ್ಟು, ಪದ್ಧತಿಯಂತೆ ಬಕೆಟ್ಟಿನಿಂದ ನೀರು ಮೊಗೆದು ಕಲ್ಲಿನ ಮೇಲೆ ಹೊಯ್ಯುವುದನ್ನು ತೋರಿಸಿದ. "ಅಮ್ಮ," ಎಂದ ಕಲ್ಲನ್ನು ಮುಟ್ಟಿ. ಆ ಶಬ್ದ ನೊರಿಆಕಿಯ ಬಾಯಲ್ಲಿ ಎಂದೂ ಬಂದಿರಲಿಲ್ಲ, ಆಗಲೂ ಬರಲಿಲ್ಲ. ಆದರೆ ನೀರು ಹೊಯ್ಯುವುದು ಅವನಿಗೆ ಹಿಡಿಸಿತು. ಬಕೆಟ್ಟು ಬರಿದಾದರೆ ತಾನೇ ನಲ್ಲಿಗೆ ಹೋಗಿ ತುಂಬಿಕೊಂಡು ಬಂದ. ಅಕ್ಕಪಕ್ಕದ ಕಲ್ಲುಗಳಿಗೂ ಹೊಯ್ದ. ಚಿಜುರು ಹೊರಡುವ ಹೊತ್ತಾದರೂ ನಿಲ್ಲಿಸಲಿಲ್ಲ.

"ಅಪ್ಪ, ನಿಂಗೆ ಚಳಿ ಆಗತ್ತೆ. ಸಾಕು ಅನ್ನು ಅವನಿಗೆ."

"ಇರ್ಲಿ ಬಿಡು," ಎಂದ ಇಸಾಮು. "ನಂಗೇನು ಕೆಲ್ಸ ಇದೆ."

ಅವರ ಕಾರು ಹೋಯಿತು. ಇಸಾಮು ಒದ್ದೆಯಾಗದ ಕಡೆ ನೋಡಿ ಕೂತುಕೊಂಡ. ನೊರಿಆಕಿ ಮತ್ತೆ ಬಕೆಟ್ಟು ಹಿಡಿದು ನಲ್ಲಿಯ ಕಡೆ ನಡೆದ.